ಹಳೇ ಪಿಕಪ್ಪಿಗೆ ಹೊಸ ಮುಂಗಾಲು

ನಾನು ಅಕ್ಕಲಕೋಟ ತಾಲೂಕಿನಲ್ಲಿ ಒಕ್ಕಲುತನ ಮಾಡುವವ, ಡೊಳ್ಳಿನ ಪದ ಹಾಡುವವ. ಕಲಿತದ್ದು ಏಳನೆಯ ಇಯತ್ತೆ. ಮೋಟಾರು ಗಾಡಿಯ ಇತಿಹಾಸ ಬರೆಯಲಿಕ್ಕೆ ಇವನಿಗೇನು ಅಧಿಕಾರ ಅಂತ ನೀವು ಕೇಳಬಹುದು. ಅಧಿಕಾರ ಇಲ್ಲ, ಆದರ ಕಾರಣ ಅದ.

ನಮ್ಮ ಮ್ಯಾಳದ ಹಳೇ ಜೀಪ್ ಪಿಕಪ್ ನೀವೆಲ್ಲ ನೋಡೀರಿ. ಎರಡು ವರ್ಷದ ಹಿಂದೆ ದೀಪಾವಳಿಗೆ ಹುಲಜಂತಿ ಜಾತ್ರೆ ಮುಗಿಸಿಕೊಂಡು ಬರುತ್ತಿದ್ದೆವು. ನನ್ನ ಅಣ್ಣನ ಮಗ ಗಾಡಿ ಹೊಡೆಯುತ್ತಿದ್ದ, ಪಕ್ಕದಲ್ಲಿ ನಾನು, ಹಿಂದೆ ಡೊಳ್ಳು, ತಾಳ ಮತ್ತು ಎಂಟು ಮಂದಿ. ಇಳಿಜಾರಿನಲ್ಲಿ ಒಂದು ಸಣ್ಣ ತಗ್ಗು ಹಾಯಿತು. ಹಾಯ್ದದ್ದೇ ತಡ, ಮುಂದಿನ ಎರಡೂ ಗಾಲಿ ಥರಥರ ನಡುಗಲಿಕ್ಕೆ ಹತ್ತಿದವು. ಸ್ಟೇರಿಂಗು ಹುಡುಗನ ಕೈಯಾಗ ನಿಲ್ಲಲಿಲ್ಲ. ಗಾಡಿ ರಸ್ತೆ ಬಿಟ್ಟು ಜೋಳದ ಹೊಲಕ್ಕೆ ನುಗ್ಗಿತು. ಜೀವ ಯಾರದೂ ಹೋಗಲಿಲ್ಲ. ಆದರ ನಮ್ಮ ಡೊಳ್ಳು ಬಾರಿಸುವವನ ಬಲಗೈ ಮುರಿಯಿತು. ಆರು ತಿಂಗಳು ಅವನ ಕೈ ಡೊಳ್ಳಿನ ಮೇಲೆ ಏಳಲಿಲ್ಲ.

ನನ್ನ ಅಣ್ಣನ ಮಗ ಸೊಲ್ಲಾಪುರದಲ್ಲಿ ಗ್ಯಾರೇಜಿನ ಕೆಲಸ ಕಲಿತವ. ಮರುವಾರ ಬಂದು ಅಂದ:

"ಕಾಕಾ, ಈ ಹಳೇ ಅಚ್ಚು ಕಿತ್ತು ಒಗೆಯೋಣು. ಹೊಸ ಗಾಡಿಯ ಮುಂಗಾಲು ತಂದು ಕೂಡಿಸೋಣು. ಅಮೆರಿಕಾದಾಗ ಹಳೇ ಪಿಕಪ್ಪಿಗೆ ಹಿಂಗ ಮಾಡ್ತಾರ."

ನಾನು ಅಂದೆ: "ತಮ್ಮಾ, ಕೀಳೋದು ಒಂದು ದಿನದ ಕೆಲಸ. ಮೊದಲು ಅದನ್ನ ಹಂಗ್ಯಾಕ ಮಾಡಿದ್ರು ಅನ್ನೋದು ತಿಳಕೊಳ್ಳೋಣು."

ಆ ಚಳಿಗಾಲ ಪೂರ್ತಿ ಅದೇ ಕೆಲಸ ಆಯಿತು. ಹುಡುಗ ಗ್ಯಾರೇಜಿನ ಪುಸ್ತಕ ತಂದ. ನಮ್ಮ ವಾಚನಾಲಯಕ್ಕೆ ಬರುವ ನಿವೃತ್ತ ಮಾಸ್ತರರು ಇಂಗ್ಲಿಷ್ ಓದಿ ಕನ್ನಡದಲ್ಲಿ ಹೇಳಿದರು. ನಾನು ಕೇಳಿ ಬರೆದುಕೊಂಡೆ. ಅದನ್ನೇ ಇಲ್ಲಿ ನಿಮ್ಮ ಮುಂದೆ ಇಡುತ್ತೇನೆ.

ನಮ್ಮ ಚಕ್ಕಡಿಯಿಂದಲೇ ಸುರು ಮಾಡೋಣ. ಚಕ್ಕಡಿಗೆ ಒಂದೇ ಅಚ್ಚು, ಎರಡು ಗಾಲಿ, ಸ್ಪ್ರಿಂಗ್ ಅನ್ನೋದು ಇಲ್ಲ. ಗಾಲಿ ಕಲ್ಲು ಹತ್ತಿದರ ಆ ಪೆಟ್ಟು ನೆಟ್ಟಗ ಕೂತವನ ಬೆನ್ನಿಗೆ. ಹೊರಳುವಾಗ ಎತ್ತು ಹೊರಳಿದಂಗ ಇಡೀ ಗಾಡಿ ಹೊರಳ್ತದ. ನಾಲ್ಕು ಗಾಲಿ ಬಂದ ಕೂಡಲೇ ತೊಡಕು ಸುರುವಾಯಿತು. ಕುದುರೆ ಗಾಡಿಗಳಲ್ಲಿ ಮುಂದಿನ ಅಚ್ಚು ಪೂರ್ತಿಯಾಗಿ ನಡುವಿನ ಒಂದು ಕೀಲಿನ ಮೇಲೆ ತಿರುಗುತ್ತಿತ್ತು. ಜೋರಾಗಿ ತಿರುಗಿಸಿದರ ಗಾಡಿ ಪಲ್ಟಿ ಹೊಡೀತಿತ್ತು.

ಜರ್ಮನಿಯ ಮ್ಯೂನಿಕ್ ಊರಿನ ಲಾಂಕೆನ್ಸ್ಪರ್ಗರ್ ಎಂಬ ಗಾಡಿ ಮಾಡುವವ ಇದಕ್ಕೆ ಉಪಾಯ ಕಂಡ. ಅಚ್ಚು ಕದಲಬಾರದು, ಅಚ್ಚಿನ ಎರಡೂ ತುದಿಗೆ ಒಂದೊಂದು ನಿಲುವು ಕೀಲು ಹಾಕಿ ಗಾಲಿ ಮಾತ್ರ ತಿರುಗಬೇಕು. ಇನ್ನೊಂದು ಮಾತು: ಹೊರಳುವಾಗ ಒಳಗಿನ ಗಾಲಿ ಸಣ್ಣ ಸುತ್ತು ಹಾಕ್ತದ, ಹೊರಗಿನದು ದೊಡ್ಡ ಸುತ್ತು. ಹಿಂಗಾಗಿ ಒಳಗಿನದು ಹೆಚ್ಚು ತಿರುಗುವಂತೆ ಸರಳು ಕೂಡಿಸಿದ. 1818ರಲ್ಲಿ ಅವನ ಪರವಾಗಿ ಲಂಡನ್ನಿನಲ್ಲಿ ಪೇಟೆಂಟ್ ತೆಗೆದವ ಆಕರ್‌ಮನ್ ಎಂಬ ಪುಸ್ತಕ ಮತ್ತು ಚಿತ್ರಗಳ ವ್ಯಾಪಾರಿ. ಇವತ್ತಿಗೂ ಅದಕ್ಕೆ ಆಕರ್‌ಮನ್ ಸ್ಟೇರಿಂಗ್ ಅಂತಲೇ ಹೆಸರು. ಬಿತ್ತಿದವ ಒಬ್ಬ, ರಾಶಿ ಮಾಡಿದವ ಮತ್ತೊಬ್ಬ. ಆ ನಿಲುವು ಕೀಲಿಗೇ ನಮ್ಮ ಮಿಸ್ತ್ರಿಗಳು ಕಿಂಗ್ ಪಿನ್ ಅಂತಾರ. ಮುಂದೆ ಅದರ ಸುದ್ದಿ ಮತ್ತೆ ಬರ್ತದ, ನೆನಪಿಡಿ.

ಇನ್ನು ಸ್ಪ್ರಿಂಗು. 1804ರಲ್ಲಿ ಇಂಗ್ಲೆಂಡಿನ ಒಬಡಾಯಾ ಎಲಿಯಟ್ ಎಂಬವ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟನ್ನು ಗಾಡಿಯ ಕೆಳಗೆ ಕೂಡಿಸುವ ಪೇಟೆಂಟ್ ಪಡೆದ. ನಾವು ಪಾಟಾ ಅನ್ನೋದು ಅದರ ಸಂತಾನ. ಕೆಳಗೆ ಗಟ್ಟಿ ಅಚ್ಚು, ಅಚ್ಚಿನ ತುದಿಗೆ ಕಿಂಗ್ ಪಿನ್, ಅಚ್ಚಿನ ಮೇಲೆ ಪಾಟಾ, ಪಾಟಾದ ಮೇಲೆ ಚಾಸಿ. ಕುದುರೆ ಹೋಗಿ ಇಂಜಿನ್ ಬಂದರೂ ಈ ಕಟ್ಟು ಹಂಗೇ ಉಳಿಯಿತು.

1908ರಲ್ಲಿ ಅಮೆರಿಕಾದ ಹೆನ್ರಿ ಫೋರ್ಡ್ ಮಾಡೆಲ್ ಟಿ ಎಂಬ ಕಾರು ತಂದ. ಅದಕ್ಕೆ ಮುಂದೆ ಒಂದು ಪಾಟಾ, ಹಿಂದೆ ಒಂದು, ಎರಡೂ ಅಡ್ಡಲಾಗಿ. ಅಲ್ಲಿಯ ಹಳ್ಳಿ ರಸ್ತೆಗಳು ಆಗ ನಮ್ಮ ಹೊಲದ ದಾರಿಯಂಗೇ ಇದ್ದವು, ಮಳೆ ಬಂದರ ಕೆಸರು, ಒಣಗಿದರ ಗಾಲಿ ಗೆರೆ. ಆ ಕಾರು ಎತ್ತರ ನಿಂತು, ಮೈ ಬಾಗಿಸಿಕೊಂಡು ಅಂಥ ದಾರಿಯಲ್ಲಿ ಹೋಗ್ತಿತ್ತು. ಅಲ್ಲಿಯ ರೈತರು ಅಂಥ ಕಾರುಗಳಿಗೆ ಹಿಂದೆ ಕಟ್ಟಿಗೆಯ ಪೆಟ್ಟಿಗೆ ಕೂಡಿಸಿ ಕಾಳು ಕಡಿ ಹೇರತೊಡಗಿದರು. ಕಂಪನಿ ಇದನ್ನು ನೋಡಿ 1925ರ ಏಪ್ರಿಲ್ ತಿಂಗಳಿನಲ್ಲಿ ತಾನೇ ಹಿಂದೆ ಪೆಟ್ಟಿಗೆ ಇಟ್ಟ ಗಾಡಿ ಮಾರಲಿಕ್ಕೆ ತಂದಿತು. ಬೆಲೆ 281 ಡಾಲರ್. ಕಾರ್ಖಾನೆಯಿಂದಲೇ ತಯಾರಾಗಿ ಬಂದ ಫೋರ್ಡ್ ಪಿಕಪ್ಪಿನಲ್ಲಿ ಅದು ಮೊದಲನೆಯದು. ಅಂದ್ರ ಪಿಕಪ್ ಅನ್ನೋದು ಮೊದಲಿಂದಲೂ ಒಕ್ಕಲುಮಕ್ಕಳ ಗಾಡಿ.

ರಸ್ತೆ ಸುಧಾರಿಸಿದವು, ವೇಗ ಹೆಚ್ಚಿತು. ಆಗ ಗಟ್ಟಿ ಅಚ್ಚಿನ ದೋಷ ಹೊರಗೆ ಬಂತು. ಎರಡೂ ಗಾಲಿ ಒಂದೇ ಅಚ್ಚಿಗೆ ಕಟ್ಟಿದ್ದರಿಂದ ಎಡಗಾಲಿ ತಗ್ಗಿಗೆ ಇಳಿದರ ಬಲಗಾಲಿಯೂ ವಾಲ್ತದ. ಜೋರಾಗಿ ತಿರುಗುವ ಗಾಲಿಯನ್ನು ಹಂಗ ವಾಲಿಸಿದರ ಅದು ಪಕ್ಕಕ್ಕೆ ತಿರುವು ಹೊಡೀತದ. ಒಂದು ಕಡೆ ಹೊಡೆದದ್ದು ಇನ್ನೊಂದು ಕಡೆ ಮುಟ್ಟಿ, ಮತ್ತೆ ತಿರುಗಿ ಬಂದು, ಎರಡೂ ಗಾಲಿ ನಡುಗ್ತಾವ. ನಮಗೆ ಆ ರಾತ್ರಿ ಆದದ್ದು ಇದೇ. ತೊಂಬತ್ತು ವರ್ಷದ ಹಿಂದೆ ಅಮೆರಿಕಾದ ದೊಡ್ಡ ದೊಡ್ಡ ಕಾರಿನವರಿಗೂ ಇದೇ ಕಾಟ ಇತ್ತು.

ಇದರ ಬೆನ್ನು ಹತ್ತಿದವರಲ್ಲಿ ಮಾರಿಸ್ ಓಲಿ ಎಂಬ ಇಂಗ್ಲೆಂಡಿನ ಇಂಜಿನಿಯರ್ ಒಬ್ಬ. ರೋಲ್ಸ್ ರಾಯ್ಸ್ ಕಂಪನಿಯಲ್ಲಿದ್ದು 1930ರಲ್ಲಿ ಅಮೆರಿಕಾದ ಕ್ಯಾಡಿಲಾಕ್ ಕಂಪನಿಗೆ ಬಂದ. 1932ರಲ್ಲಿ ಏಳು ಮಂದಿ ಕೂಡುವ ಒಂದು ದೊಡ್ಡ ಕಾರಿಗೆ ಭಾರದ ಗುಂಡುಗಳನ್ನು ಹಿಂದೆ ಮುಂದೆ ಸರಿಸಲು ಬರುವಂತೆ ಮಾಡಿ, ಸ್ಪ್ರಿಂಗ್ ಬದಲಿಸಿ ಬದಲಿಸಿ ಓಡಿಸಿ ನೋಡಿದ. ಅವನು ಕಂಡುಕೊಂಡದ್ದು ಹಾಡುವವನಾದ ನನಗೆ ಭಾಳ ಹಿಡಿಸಿತು. ದಿಬ್ಬ ಬಂದಾಗ ಮೊದಲು ಮುಂದಿನ ಗಾಲಿ ಏಳ್ತದ, ಸ್ವಲ್ಪ ತಡವಾಗಿ ಹಿಂದಿನದು. ಅಂದಿನ ಕಾರುಗಳಿಗೆ ಮುಂದಿನ ಸ್ಪ್ರಿಂಗ್ ಬಿರುಸು, ಹಿಂದಿನದು ಮೆತ್ತಗೆ. ಹಿಂಗಾಗಿ ಮುಂದೆ ಇಳಿಯುವಾಗ ಹಿಂದೆ ಏಳುವದು, ತೊಟ್ಟಿಲು ತೂಗಿದಂಗ ಆಗುವದು. ಓಲಿ ಇದನ್ನು ತಿರುಗಿಸಿದ. ಮುಂದಿನದು ಮೆತ್ತಗೆ ನಿಧಾನ ಇರಲಿ, ಹಿಂದಿನದು ಒಂದಿಷ್ಟು ಚುರುಕು ಇರಲಿ, ತಡವಾಗಿ ಎದ್ದ ಹಿಂಭಾಗ ಮುಂಭಾಗವನ್ನು ಕೂಡಿಕೊಳ್ತದ ಅಂದ. ನಮ್ಮ ಮ್ಯಾಳದಾಗ ಹಿಮ್ಮೇಳದವರು ಪದ ತಡವಾಗಿ ಎತ್ತಿದರ ಒಂದಿಷ್ಟು ಚುರುಕು ಹಾಡಿ ಮುಂದಿನವರನ್ನ ಹಿಡೀತಾರಲ್ಲ, ಹಂಗ.

ಆದರ ಗಟ್ಟಿ ಅಚ್ಚಿಟ್ಟುಕೊಂಡು ಮುಂದಿನ ಸ್ಪ್ರಿಂಗ್ ಮೆತ್ತಗೆ ಮಾಡಿದರ ಗಾಲಿಯ ನಡುಕ ಇನ್ನೂ ಹೆಚ್ಚಾಯಿತು. ಹಿಂಗಾಗಿ ಅಚ್ಚನ್ನೇ ತೆಗೆಯಬೇಕಾಯಿತು. ಪ್ರತಿ ಗಾಲಿಗೆ ಮೇಲೊಂದು ಕೆಳಗೊಂದು ತೋಳು, ನಡುವೆ ಸುರುಳಿ ಸ್ಪ್ರಿಂಗ್. ಒಂದು ಗಾಲಿ ತಗ್ಗಿಗೆ ಇಳಿದರ ಇನ್ನೊಂದಕ್ಕೆ ಗೊತ್ತೇ ಆಗಬಾರದು. 1934ರಲ್ಲಿ ಜನರಲ್ ಮೋಟರ್ಸ್ ತನ್ನ ಕಾರುಗಳಿಗೆ ಹೀಗೆ ಬಿಡಿಬಿಡಿಯಾದ ಮುಂಗಾಲು ಕೊಟ್ಟಿತು. ಅದನ್ನು ಮಾರುವಾಗ ಇಟ್ಟ ಹೆಸರು ನೀ ಆಕ್ಷನ್, ಅಂದ್ರ ಮೊಣಕಾಲಿನ ಚಲನೆ. ಮನುಷ್ಯ ಒಂದು ಮೊಣಕಾಲು ಮಡಚಿದರ ಇನ್ನೊಂದು ನೆಟ್ಟಗ ನಿಲ್ತದಲ್ಲ, ಆ ಮಾತು.

ಹಂಗಾದರ ಪಿಕಪ್ಪಿಗೆ ಇದನ್ನ ಯಾಕ ಹಾಕಲಿಲ್ಲ? ಇಲ್ಲೇ ನಾನು ಹುಡುಕುತ್ತಿದ್ದ ಉತ್ತರ ಇತ್ತು. 1947ರ ಷೆವರ್ಲೆ ಪಿಕಪ್ಪಿಗೂ 1948ರ ಫೋರ್ಡ್ ಎಫ್-1ಕ್ಕೂ ಗಟ್ಟಿ ಅಚ್ಚು, ಪಾಟಾನೇ. ಅವರಿಗೆ ಬುದ್ಧಿ ಇರಲಿಲ್ಲ ಅಂತಲ್ಲ. ಹೇರು ಹೆಚ್ಚು ಕಡಿಮೆ ಆದರೂ ಗಟ್ಟಿ ಅಚ್ಚಿನ ಗಾಲಿ ನೆಟ್ಟಗೇ ನಿಲ್ತದ. ಸವೆಯುವ ಸಾಮಾನು ಕಡಿಮೆ. ಅಗ್ಗ. ಹಳ್ಳಿಯ ಕಂಬಾರನೂ ರಿಪೇರಿ ಮಾಡಬಲ್ಲ. ಪಾಟಾದ ಒಂದು ಎಲೆ ಮುರಿದರೂ ಉಳಿದ ಎಲೆಗಳ ಮೇಲೆ ಮನೆ ಮುಟ್ಟಬಹುದು. ನಿಧಾನ ಹೋಗುವ, ಭಾರ ಹೊರುವ ಗಾಡಿಗೆ ಅದೇ ಸರಿ. 1941ರಲ್ಲಿ ಯುದ್ಧಕ್ಕಾಗಿ ಮಾಡಿದ ವಿಲ್ಲೀಸ್ ಜೀಪಿಗೂ ಗಟ್ಟಿ ಅಚ್ಚು, ಪಾಟಾ. ಸ್ವಾತಂತ್ರ್ಯ ಬಂದ ಕಾಲಕ್ಕೆ ಮಹೀಂದ್ರಾದವರು ಅದೇ ಜೀಪಿನ ಸಾಮಾನು ತರಿಸಿ ಮುಂಬೈಯಲ್ಲಿ ಜೋಡಿಸತೊಡಗಿದರು. ನಮ್ಮ ಮ್ಯಾಳದ ಗಾಡಿ ಆ ಮನೆತನದ್ದು.

ಅಮೆರಿಕಾದಲ್ಲಿ 1956ರಲ್ಲಿ ದೊಡ್ಡ ಹೆದ್ದಾರಿಗಳ ಕಾಯಿದೆ ಆಯಿತು. ಪಿಕಪ್ಪುಗಳೂ ಕಾರಿನ ಜೋಡಿ ಓಡಬೇಕಾಯಿತು. 1960ರಲ್ಲಿ ಷೆವರ್ಲೆ ತನ್ನ ಪಿಕಪ್ಪಿನ ಗಟ್ಟಿ ಅಚ್ಚು ತೆಗೆದು ಬಿಡಿ ಮುಂಗಾಲು ಕೊಟ್ಟಿತು. ಮೊದಲು ತಿರುಚುವ ಸರಳಿನ ಸ್ಪ್ರಿಂಗು, 1963ರಿಂದ ಸುರುಳಿ. 1965ರಲ್ಲಿ ಫೋರ್ಡ್ ನಡುದಾರಿ ಹಿಡಿಯಿತು. ಅಚ್ಚು ಬೇಕು, ಆದರ ಒಂದರ ಬದಲು ಎರಡು, ಪ್ರತಿ ಗಾಲಿಗೆ ಒಂದು. ಆ ಕಂಪನಿಗೆ ಹೇರಿನ ಬಲವನ್ನು ಬಿಡಲಿಕ್ಕೆ ಮನಸ್ಸಿರಲಿಲ್ಲ.

ಅಷ್ಟರಲ್ಲಿ ಅದಕ್ಕೂ ಹಳೆಯ ಪಿಕಪ್ಪುಗಳು ಹೊಲದ ಮೂಲೆಯಲ್ಲಿ ನಿಂತಿದ್ದವು. ಅಜ್ಜನ ಗಾಡಿ ಅಂತ ಮೊಮ್ಮಕ್ಕಳು ಅವನ್ನು ಎಬ್ಬಿಸಿ ಓಡಿಸಬೇಕೆಂದರು. ಮೈ ಅಜ್ಜನದೇ ಇರಬೇಕು, ನಡೆ ಮಾತ್ರ ಇಂದಿನದು ಬೇಕು. ಕೆಲವರು ಕ್ಯಾಮರೋ, ನೋವಾ ಮುಂತಾದ ಕಾರುಗಳ ಚಾಸಿಯ ಮುಂಭಾಗವನ್ನೇ ಕತ್ತರಿಸಿ ತಂದು ಪಿಕಪ್ಪಿಗೆ ಬೆಸುಗೆ ಹಾಕಿದರು. ಆಮೇಲೆ ಹೆಚ್ಚು ಹೆಸರಾದದ್ದು 1974ರ ಮಾದರಿಯ ಫೋರ್ಡ್ ಮಸ್ಟಾಂಗ್ 2 ಎಂಬ ಸಣ್ಣ ಕಾರಿನ ಮುಂಗಾಲು. ಆ ಕಾರನ್ನು ಮಸ್ಟಾಂಗ್ ಪ್ರಿಯರು ಅಷ್ಟೇನೂ ಮೆಚ್ಚಲಿಲ್ಲ, 1978ಕ್ಕೆ ಅದು ಮುಗಿದೂ ಹೋಯಿತು. ಆದರ ಅದರ ಮುಂಗಾಲು ಚೊಕ್ಕ. ಒಂದೇ ಅಡ್ಡತೊಲೆಯ ಮೇಲೆ ತೋಳು, ಸುರುಳಿ, ಸ್ಟೇರಿಂಗಿನ ಹಲ್ಲುಪಟ್ಟಿ ಎಲ್ಲಾ ಕೂಡಿರ್ತದ. ಮೋಡಕಾ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತಿತ್ತು. ಅದು ತೀರಿದ ಮೇಲೆ ಅದೇ ಅಳತೆಯ ಹೊಸ ಅಡ್ಡತೊಲೆ ಮಾಡಿ ಮಾರುವ ಕಾರ್ಖಾನೆಗಳೇ ಹುಟ್ಟಿದವು. ಭಾರದ ಪಿಕಪ್ಪಿನವರು 2003ರ ನಂತರದ ಕ್ರೌನ್ ವಿಕ್ಟೋರಿಯಾ ಎಂಬ ಕಾರಿನ ಮುಂಗಾಲು ಹಾಕುವದೂ ಉಂಟು. ಅಲ್ಲಿ ಪೊಲೀಸರು ಓಡಿಸುತ್ತಿದ್ದ ಕಾರು ಅದು.

ಇದನ್ನು ಕೂಡಿಸುವ ಕ್ರಮ ಕೇಳ್ರಿ. ಮೊದಲು ಗಾಡಿಯನ್ನು ಸಪಾಟು ನೆಲದ ಮೇಲೆ ಅದು ಓಡುವ ಎತ್ತರಕ್ಕೇ ನಿಲ್ಲಿಸಿ ಆಧಾರ ಕೊಡಬೇಕು. ಹಳೇ ಅಚ್ಚು ಬಿಚ್ಚುವ ಮುಂಚೆ ಮುಂದಿನ ಗಾಲಿಯ ನಡುಮಧ್ಯ ಎಲ್ಲಿ ಬರ್ತದ ಅಂತ ಚಾಸಿಯ ಮೇಲೆ ಗುರುತು ಹಾಕಬೇಕು. ಆ ಗುರುತು ತಪ್ಪಿದರ ಗಾಲಿ ಮಡ್‌ಗಾರ್ಡಿನ ನಡುವೆ ನಿಲ್ಲುವದಿಲ್ಲ. ಹಳೇ ಚಾಸಿಯ ಕಬ್ಬಿಣ ಒಂದು ಕಡೆ ತೆರೆದ ಗಾಲುವೆ ಇದ್ದಂಗ ಇರ್ತದ, ಅದನ್ನು ತಗಡು ಬೆಸೆದು ಪೆಟ್ಟಿಗೆಯಂಗ ಮುಚ್ಚಬೇಕು. ಆಮೇಲೆ ಅಡ್ಡತೊಲೆ, ತೋಳು, ಇಂಜಿನ್ನಿಗೆ ತಾಗದಂತೆ ಸ್ಟೇರಿಂಗಿನ ಕೋಲು, ಹೊಸ ಬ್ರೇಕು, ಕೊನೆಗೆ ಗಾಲಿಯ ಅಲೈನ್‌ಮೆಂಟು.

ತಗಡು ಯಾಕ ಬೆಸೆಯಬೇಕು? ಹಳೇ ಕಟ್ಟಿನಲ್ಲಿ ಮುಂದಿನ ಭಾರ ಪಾಟಾದ ತುದಿಗಳ ಮೂಲಕ ಚಾಸಿಯ ನಾಲ್ಕು ಕಡೆ ಹಂಚಿ ಬೀಳ್ತದ. ಹೊಸದರಲ್ಲಿ ಎಲ್ಲಾ ಭಾರ ಒಂದೇ ಅಡ್ಡತೊಲೆ ಕೂತಲ್ಲಿ ಬೀಳ್ತದ. ಚಾಸಿ ಮಾಡಿದವ ಆ ಜಾಗಕ್ಕ ಅಷ್ಟು ಭಾರ ಬರ್ತದಂತ ಎಣಿಸಿರಲಿಲ್ಲ. ಇನ್ನೊಂದು: ಮಸ್ಟಾಂಗ್ 2ರ ಕೆಳತೋಳಿಗೆ ಓರೆಯಾಗಿ ಒಂದು ಸರಳು ಇರ್ತದ. ಬ್ರೇಕ್ ಹೊಡೆದಾಗ ತೋಳು ಹಿಂದಕ್ಕೆ ಹೋಗದಂತೆ ಹಿಡಿಯುವದು ಅದೇ. ಕಣ್ಣಿಗೆ ಸಣ್ಣದು ಕಾಣ್ತದ, ಆದರ ಅದನ್ನ ಗಟ್ಟಿ ಆಧಾರಕ್ಕೆ ಕಟ್ಟದಿದ್ದರ ಬ್ರೇಕ್ ಹೊಡೆದಾಗ ಗಾಲಿಯೇ ಹಿಂದೆ ಸರೀತದ. ಮೂರನೆಯದು: ಆ ಮುಂಗಾಲು ಸಣ್ಣ ಕಾರಿಗೆ ಮಾಡಿದ್ದು, ಅದರ ಬ್ರೇಕೂ ಸ್ಪ್ರಿಂಗೂ ಸಣ್ಣವು. ಭಾರದ ಪಿಕಪ್ಪಿಗೆ ದೊಡ್ಡವು ಬೇಕು. ತಿಳಿದವರು ಇದನ್ನೆಲ್ಲ ಲೆಕ್ಕ ಹಾಕಿ ಮಾಡ್ತಾರ. ಅವರ ಗಾಡಿ ಚಲೋ ರಸ್ತೆಯಲ್ಲಿ ಕಾರಿನಂಗ ಹೋಗ್ತಾವ.

ಇಷ್ಟು ತಿಳಿದ ಮೇಲೆ ಒಂದು ದಿನ ನಾನೂ ಹುಡುಗನೂ ನಮ್ಮ ಪಿಕಪ್ಪಿನ ಮುಂಭಾಗ ಬಿಚ್ಚಿದೆವು. ಕಿಂಗ್ ಪಿನ್ನಿನ ಬುಷ್ಷು ಸವೆದು ಹೋಗಿದ್ದವು. ಗಾಲಿ ಹಿಡಿದು ಅಲುಗಿಸಿದರ ಕಟಕಟ ಅನ್ನುತ್ತಿತ್ತು. ಎರಡೂ ಗಾಲಿ ಕೂಡಿಸುವ ಸರಳಿನ ತುದಿಗಳೂ ಸಡಿಲ. ಇನ್ನೊಂದು ನೋಡಿ ಹುಡುಗ ತಲೆ ಹಿಡಕೊಂಡು ಕೂತ. ಸೈಕಲ್ಲಿನ ಮುಂದಿನ ಫೋರ್ಕು ನೋಡಿರಿ, ಅದರ ಮೇಲ್ತುದಿ ಸವಾರನ ಕಡೆ ವಾಲಿರ್ತದ. ಅದಕ್ಕೇ ಗಾಲಿ ನೆಟ್ಟಗ ಹೋಗಲಿಕ್ಕೆ ನೋಡ್ತದ. ಜೀಪಿನ ಕಿಂಗ್ ಪಿನ್ನಿಗೂ ಹಂಗೇ ವಾಲು ಬೇಕು. ನಮ್ಮ ಗಾಡಿಗೆ ಆ ವಾಲು ಕೊಡಲಿಕ್ಕೆ ಪಾಟಾಕ್ಕೂ ಅಚ್ಚಿಗೂ ನಡುವೆ ಒಂದು ಕಬ್ಬಿಣದ ಬೆಣೆ ಹಾಕಿದ್ದರು. ಹಿಂದೆ ಯಾವದೋ ಗ್ಯಾರೇಜಿನಲ್ಲಿ ಪಾಟಾ ಬದಲಿಸಿದಾಗ ಆ ಬೆಣೆಯನ್ನು ಉಲ್ಟಾ ಕೂಡಿಸಿದ್ದರು.

ಬೆಣೆ ಬೇರೆಯವರ ತಪ್ಪು. ಉಳಿದದ್ದು ನನ್ನ ತಪ್ಪು. ಕಿಂಗ್ ಪಿನ್ನಿಗೆ ಗ್ರೀಸ್ ಹೊಡೆಯಲಿಕ್ಕೆ ಮೊಲೆಯಂಥ ತೂತು ಇರ್ತದ. ನಮ್ಮ ಗಾಡಿಯಲ್ಲಿ ಅದು ಮಣ್ಣು ಮುಚ್ಚಿ ಕಲ್ಲಾಗಿತ್ತು. ಎಷ್ಟು ವರ್ಷದಿಂದ ಗ್ರೀಸ್ ಕಂಡಿರಲಿಲ್ಲೋ. ನಮ್ಮ ಅಜ್ಜ ಸಂತೆಗೆ ಚಕ್ಕಡಿ ಹೂಡುವ ಮುಂಚೆ ಅಚ್ಚಿಗೆ ಕೀಲೆಣ್ಣೆ ಹಾಕದೆ ಎತ್ತು ಕಟ್ಟುತ್ತಿರಲಿಲ್ಲ. ಅವನ ಮೊಮ್ಮಗ ನಾನು, ಎಂಟು ಮಂದಿಯ ಜೀವ ಹಿಂದೆ ಕೂಡಿಸಿಕೊಂಡು, ಒಂದು ಗ್ರೀಸ್ ಗನ್ ಕೈಯಲ್ಲಿ ಹಿಡಿಯಲಿಲ್ಲ. ಸಾಮಾನಿನ ಗಾಡಿಯಲ್ಲಿ ಮಂದಿ ಕೂಡಿಸಿದ್ದೂ ತಪ್ಪೇ. ತೊಂಬತ್ತು ವರ್ಷದ ಹಿಂದಿನ ಅಮೆರಿಕಾದ ಅಚ್ಚನ್ನ ಬೈಯುತ್ತ ಕೂತಿದ್ದೆ. ಅಚ್ಚು ತನ್ನ ಕೆಲಸ ತಾನು ಮಾಡ್ತಿತ್ತು, ನಾನು ನನ್ನ ಕೆಲಸ ಮಾಡಿರಲಿಲ್ಲ.

ಹುಡುಗ ಕೇಳಿದ: "ಹಂಗಾದರ ಹೊಸ ಮುಂಗಾಲು ಬ್ಯಾಡೇನು ಕಾಕಾ?"

ನಾನು ಬ್ಯಾಡ ಅಂದೆ. ಮೂರು ಕಾರಣ. ನಮ್ಮದು ಹೊಲದ ದಾರಿ, ಜೋಳದ ಹೇರು, ನಿಧಾನದ ನಡೆ. ಆ ಕೆಲಸಕ್ಕೇ ಆ ಅಚ್ಚು ಹುಟ್ಟಿದ್ದು. ಎರಡನೆಯದು, ಚಾಸಿ ಕತ್ತರಿಸಿದರ ತಿರುಗಿ ಮೊದಲಿನಂಗ ಆಗೋದಿಲ್ಲ. ಭಾರದ ಲೆಕ್ಕ ಹಾಕಿ ಬೆಸೆಯುವ ಕೈ ನಮ್ಮ ಹತ್ತಿರ ಇಲ್ಲ. ಮೂರನೆಯದು, ನಮ್ಮ ದೇಶದ ಕಾಯಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ನೋಂದಣಿಯ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆ ಆಗುವಂಥ ಬದಲಾವಣೆ ಗಾಡಿಯ ಮಾಲಕ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಗಟ್ಟಿ ಮಾಡಿ ಹೇಳಿತು. ಊರಿನ ಹುಡುಗರು ಗಾಡಿಗೆ ಏನೇನೋ ಕೂಡಿಸುವ ಮುಂಚೆ ಇದನ್ನ ಕೇಳಿಕೊಳ್ಳಬೇಕು, ಗುರುಗಳು ಶಾಲೆಯಲ್ಲಿ ಹೇಳಬೇಕು.

ಹೊಸದು ಕೆಟ್ಟದ್ದು ಅಂತ ನಾನು ಬರೆಯುತ್ತಿಲ್ಲ. ಹೆದ್ದಾರಿಯಲ್ಲಿ ದಿನಾ ಜೋರಾಗಿ ಓಡುವ ಗಾಡಿಗೆ ಬಿಡಿ ಮುಂಗಾಲೇ ಬೇಕು. ಅದಕ್ಕಾಗಿ ಓಲಿಯಂಥವರು ವರ್ಷಗಟ್ಟಲೆ ದುಡಿದಾರ. ನಾನು ಹೇಳುವದು ಇಷ್ಟೇ: ಹಳೇದನ್ನ ಹಂಗ್ಯಾಕ ಮಾಡಿದ್ರು ಅಂತ ತಿಳಿಯದೆ ಕಿತ್ತರ, ಹೊಸದನ್ನೂ ತಪ್ಪಾಗೇ ಕೂಡಿಸ್ತೀವಿ.

ಹೊಸ ಕಿಂಗ್ ಪಿನ್ನು, ಬುಷ್ಷು, ಸರಳಿನ ತುದಿ ಹಾಕಿದೆವು. ಬೆಣೆ ತಿರುಗಿಸಿ ಸರಿಯಾಗಿ ಕೂಡಿಸಿದೆವು. ಈಗ ಗಾಡಿ ನಡುಗೋದಿಲ್ಲ. ಹೋದ ದೀಪಾವಳಿಗೆ ಮತ್ತೆ ಹುಲಜಂತಿಗೆ ಹೋದೆವು. ಮಂದಿಯೆಲ್ಲ ಎಸ್.ಟಿ. ಬಸ್ಸಿಗೆ, ಡೊಳ್ಳು ತಾಳ ಪಿಕಪ್ಪಿಗೆ. ಹೊರಡುವ ಮುಂಚೆ ಗ್ರೀಸ್ ಗನ್ ಹಿಡಿದು ಗಾಡಿಯ ಕೆಳಗೆ ಮಲಗಿದ್ದೆ. ಮುರಿದ ಕೈ ಕೂಡಿದ ನಮ್ಮ ಡೊಳ್ಳಿನವ ಪಕ್ಕದಲ್ಲಿ ನಿಂತು, "ಎಡಗಡೆದ್ದು ಹಾಕಿದೇನೋ ಅಣ್ಣಾ?" ಅಂತ ಎರಡು ಸಲ ಕೇಳಿದ. ಹಾಕಿದ್ದೆ. ಆದರೂ ಅವನ ಮುಂದೆ ಇನ್ನೊಮ್ಮೆ ಹಾಕಿದೆ.